ಆರು ಬೀರುಗಳ ಭೌತಶಾಸ್ತ್ರ

ಕಾಲೇಜಿನ ಭೌತಶಾಸ್ತ್ರ ವಿಭಾಗದ ಸ್ಟೋರ್ ರೂಮಿನಲ್ಲಿ ಆರು ಬೀರುಗಳಿದ್ದವು; ಆರಕ್ಕೂ ಸೇರಿ ಒಬ್ಬನೇ ಅಟೆಂಡರ್. ಗಾಜಿನ ಸಾಮಾನು ಯಾರ ಕೈಗೆ ಕೊಟ್ಟರೂ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಬಾಗಿಲ ತನಕ ಬೆನ್ನು ಹತ್ತುತ್ತಿದ್ದುದರಿಂದ ಅವನಿಗೆ ಮೆಲ್ಲಗಣ್ಣ ಎಂಬ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಹೇಗೋ ಜೀವ ಹಿಡಿದುಕೊಂಡಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ದಿನ ಸಾಮಾನೆಲ್ಲ ನೆಲದ ಮೇಲೆ ರಾಶಿ ಬಿದ್ದಿತ್ತು. ಜೋಡಿಸು ಎಂದವರು ಹೇಗೆ ಎಂದು ಹೇಳಲಿಲ್ಲ. ಮೆಲ್ಲಗಣ್ಣ ಒಂದೊಂದನ್ನೂ ಕೈಗೆತ್ತಿಕೊಂಡು, ಅದರಿಂದ ತನಗೆ ಆಗಬಹುದಾದ ಕೇಡನ್ನು ಲೆಕ್ಕ ಹಾಕಿ ಜೋಡಿಸಿದ. ತೂಕದ ಕಲ್ಲು, ರಾಟೆ, ಲೋಲಕದ ಗುಂಡು, ಇಂಥ ಕಾಲ ಮೇಲೆ ಬೀಳುವವು ಮೊದಲನೆಯ ಬೀರುವಿಗೆ. ಸುಡುವವು ಎರಡನೆಯದಕ್ಕೆ. ಮಸೂರ, ಕನ್ನಡಿ, ಪಟ್ಟಕ ಎಲ್ಲ ಒಡೆಯುವ ಜಾತಿ, ಅವು ಮೂರನೆಯದರಲ್ಲಿ. ಬಡಿದರೆ ಕೂಗುವ ಶ್ರುತಿಕವೆಯ ಬಳಗ ನಾಲ್ಕನೆಯದರಲ್ಲಿ. ಮುಟ್ಟಿದರೆ ಒದೆಯುವ ಕರೆಂಟಿನ ಸಾಮಾನು ಐದರಲ್ಲಿ. ಅಯಸ್ಕಾಂತಗಳು ಮೊದಮೊದಲು ಬೀಳುವವರ ಜೊತೆಗಿದ್ದವು. ಆದರೆ ಒಂದು ದಿನ ಕರೆಂಟು ಹರಿಯುವ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ತಿರುಗಿ ನೋಡಿದ್ದನ್ನು ಕಂಡು, "ಓಹೋ, ನೀವೆಲ್ಲ ಒಂದೇ ಮನೆಯವರು" ಎಂದು ಅವನ್ನೂ ಐದಕ್ಕೆ ಸಾಗಿಸಿದ. ಆರನೆಯದರಲ್ಲಿ ಪರಮಾಣುವಿನ ಚಿತ್ರಪಟಗಳು ಮಾತ್ರ. ಕಣ್ಣಿಗೆ ಕಾಣದ್ದು ಏನು ಮಾಡೀತೋ ಬಲ್ಲವರಾರು ಎಂದು ಅದಕ್ಕೆ ಎರಡು ಬೀಗ.

ಹೀಗಿರುವಾಗ ವಿಭಾಗಕ್ಕೆ ಹೊಸ ಮೇಡಂ ಮುಖ್ಯಸ್ಥರಾಗಿ ಬಂದರು. ಸ್ಟೋರ್ ಕೀಪರ್ ಎಂಬ ಹುದ್ದೆ ಮಂಜೂರಾಗಿತ್ತು. "ಸ್ಟೋರ್ ನೋಡಿಕೊಳ್ಳೋರಿಗೆ ಭೌತಶಾಸ್ತ್ರದ ಮುಖ್ಯ ಶಾಖೆಗಳಾದರೂ ಗೊತ್ತಿರಬೇಕು. ಸೋಮವಾರ ಬಾಯಿಪರೀಕ್ಷೆ," ಎಂದರು. ಪಾಸಾದರೆ ಬೀರುಗಳು ಅವನವು. ಫೇಲಾದರೆ ಕೆಳಗಿನ ಆಫೀಸಿನಲ್ಲಿ ಫೈಲು ಹೊರುವ ಕೆಲಸ. ಬೀರುಗಳಿಗೆ ಬೇರೆ ಯಾರೋ. ಆ ಬೇರೆ ಯಾರೋ ಪಟ್ಟಕಗಳನ್ನು ಗೋಣಿಚೀಲಕ್ಕೆ ಸುರಿಯುವುದನ್ನು ನೆನೆದು ಮೆಲ್ಲಗಣ್ಣ ಆ ಸಂಜೆಯೇ ಲೈಬ್ರರಿಯಿಂದ ಪಾಠದ ಪುಸ್ತಕ ಮನೆಗೆ ತಂದ.

ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ, ಮಷೀನು ತುಳಿಯುತ್ತಲೇ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಮೇಷ್ಟ್ರಾದಳು.

"ಹೇಳ್ರೀ, ಶಾಖೆಗಳು ಯಾವುವು?"

"ಬಲವಿಜ್ಞಾನ, ಉಷ್ಣವಿಜ್ಞಾನ, ಬೆಳಕಿನ ವಿಜ್ಞಾನ..."

"ಆ ಕತ್ತರಿ ಕೊಡಿ. ಹ್ಞಾಂ, ಆಮೇಲೆ?"

"ಬಲವಿಜ್ಞಾನ, ಉಷ್ಣವಿಜ್ಞಾನ..."

"ಮತ್ತೆ ಮೊದಲಿಂದ ಯಾಕ್ರೀ?"

"ನೀನು ಕತ್ತರಿ ಕೇಳಿದೆಯಲ್ಲೇ!"

"ಇಪ್ಪತ್ತೆಂಟು ವರ್ಷ ಭೌತಶಾಸ್ತ್ರದ ಧೂಳು ಒರೆಸಿದೀರಿ. ಚೂರಾದರೂ ಕೈಗೆ ಅಂಟಬಾರದಿತ್ತಾ?" ಎಂದು ಆಕೆ ದಾರ ಹರಿದಳು.

ಸೋಮವಾರ ಸ್ಟೋರ್ ರೂಮಿನಲ್ಲೇ ಮೂರು ಕುರ್ಚಿ ಹಾಕಿದರು. ನಡುವೆ ಮೇಡಂ. ಬಲಕ್ಕೆ ಉಷ್ಣದ ಪಾಠ ಮಾಡುವ ಬಿಸಿ ಸರ್, ಎಡಕ್ಕೆ ಬೆಳಕಿನ ಪಾಠ ಮಾಡುವ ಬೆಳಕು ಸರ್. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೇಡಂ ಪ್ರಶ್ನೆ ಕೇಳಿದ ಕೂಡಲೇ ಮೆಲ್ಲಗಣ್ಣನ ತಲೆ ಒರೆಸಿಟ್ಟ ಕಪ್ಪು ಹಲಗೆಯಾಯಿತು.

"ಹೋಗಲಿ, ಬೀರು ತೆಗೆದು ತೋರಿಸಿ," ಎಂದರು ಮೇಡಂ.

ಬೀಗ ಕೈಗೆ ಬಂದದ್ದೇ ಅವನಿಗೆ ನಾಲಿಗೆಯೂ ಬಂತು. "ಇವು ಬೀಳೋವು ಮೇಡಂ. ಇವು ಸುಡೋವು. ಇವು ಒಡೆಯೋವು..."

"ಒಂದ್ನಿಮಿಷ. ಬೆಳಕಿನ ಬೀರುವಲ್ಲಿ ಥರ್ಮಾಮೀಟರ್ ಯಾಕಿದೆ? ಅದು ಉಷ್ಣತೆ ಅಳೆಯೋದಲ್ವಾ?"

"ಅಳೆಯೋದು ವರ್ಷಕ್ಕೆ ನಾಲ್ಕು ಸಲ ಮೇಡಂ. ಒಡೆಯೋದು ವಾರಕ್ಕೆ ಎರಡು ಸಲ."

"ನನ್ನ ಥರ್ಮಾಮೀಟರನ್ನ ಇವರ ಬೀರುವಲ್ಲಿ ಇಟ್ಟಿದೀಯೇನಪ್ಪಾ?" ಬಿಸಿ ಸರ್ ಬಿಸಿಯಾದರು.

ಮೇಡಂ ಮೇಜಿನ ಮೇಲೆ ಒಂದು ಹಳೇ ಬಲ್ಬು ಇಟ್ಟರು. "ಇದು ಯಾವ ಬೀರುವಿನದು?"

ಮೆಲ್ಲಗಣ್ಣ ತಲೆ ಕೆರೆದುಕೊಂಡ. "ಇದು ಐದನೇ ಮನೇಲಿ ಉಂಡು, ಎರಡನೇ ಮನೇಲಿ ಮೈ ಕಾಯಿಸಿಕೊಂಡು, ಮೂರನೇ ಮನೇಲಿ ದುಡಿಯೋ ಪ್ರಾಣಿ ಮೇಡಂ. ಎಲ್ಲಿಡಲಿ?"

"ಎಲ್ಲಿ ಅಂದ್ರೆ? ಬೆಳಕು ಕೊಡೋದು ನಮ್ಮ ಬೀರುವಿನದು," ಎಂದರು ಬೆಳಕು ಸರ್.

"ನಿಮಗೆ ಬೀರುವೇ ಯಾಕ್ರೀ?" ಎಂದರು ಬಿಸಿ ಸರ್. "ಬೆಳಕು ಅಂದ್ರೆ ವಿದ್ಯುತ್ತು, ಕಾಂತ ಎರಡೂ ಸೇರಿದ ಅಲೆ. ಐದನೇದರಲ್ಲಿ ಒಂದು ಮೂಲೆ ಸಾಕು."

"ಓಹೋ! ನಿಮ್ಮ ಉಷ್ಣ ಅಂದ್ರೇನು? ಕಣಗಳ ಓಡಾಟ. ಓಡೋದು, ಬೀಳೋದು, ತಳ್ಳೋದು ಎಲ್ಲ ಮೊದಲನೇ ಬೀರು. ಶಬ್ದವೂ ಗಾಳಿಯ ನಡುಕ, ಅದೂ ಅಲ್ಲಿಗೇ. ನಿಮ್ಮ ಬೀರು ಖಾಲಿ ಮಾಡಿ, ನಾನು ಕೋಟು ತೂಗುಹಾಕ್ತೀನಿ!"

ಮೆಲ್ಲಗಣ್ಣನ ಇಪ್ಪತ್ತೆಂಟು ವರ್ಷದ ಸಂಸಾರ ಕಣ್ಣೆದುರೇ ಮೂರಾಬಟ್ಟೆ. "ಹಾಗಾದ್ರೆ ಎರಡೋ ಮೂರೋ ಬೀರು ಸಾಕಾ ಮೇಡಂ?" ಎಂದ, ಅಳುವ ದನಿಯಲ್ಲಿ.

ಮೇಡಂ ನಕ್ಕರು. "ಬಲ್ಲವರು ಒಂದೇ ಸಾಕಾಗುತ್ತಾ ಅಂತ ಹುಡುಕ್ತಾ ಇದಾರೆ. ಎಲ್ಲವೂ ಒಳಗೊಳಗೇ ಒಂದೇ ಅನ್ನೋ ಸೂತ್ರ. ಇನ್ನೂ ಸಿಕ್ಕಿಲ್ಲ."

"ಸಿಕ್ಕಿದ್ರೂ ನಮಗೆ ಬೇಡ ಮೇಡಂ!" ಮೆಲ್ಲಗಣ್ಣ ಪರೀಕ್ಷೆಯನ್ನೇ ಮರೆತು ಮೂರನೆಯ ಬೀರುವಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ. "ಒಳಗೊಳಗೇ ಏನಾದರೂ ಆಗಿರಲಿ. ಒಂದೇ ಬೀರುವಿಗೆ ತುಂಬಿದರೆ ಮಸೂರದ ಮೇಲೆ ತೂಕದ ಕಲ್ಲು ಬೀಳತ್ತೆ. ಆಮೇಲೆ ಯಾವ ಸೂತ್ರ ಅಂಟಿಸಿಕೊಡತ್ತೆ?"

ಮೇಡಂ ಪೆನ್ನು ತೆಗೆದರು. "ಶಾಖೆಗಳು ಇರೋದೂ ಅದಕ್ಕೇ ಮೆಲ್ಲಗಣ್ಣ. ಪ್ರಪಂಚ ಆರು ಭಾಗ ಆಗಿದೆ ಅಂತಲ್ಲ, ನಮ್ಮ ಕೈಗೆ ಸುಲಭವಾಗಿ ಸಿಗಲಿ ಅಂತ. ಸ್ಟೋರ್ ನಿಮ್ಮದೇ. ಥರ್ಮಾಮೀಟರ್ ಮಾತ್ರ ಎರಡನೇದಕ್ಕೆ ಹಾಕಿ, ಬೇಕಾದರೆ ಹತ್ತಿ ಸುತ್ತಿ. ಸರ್, ನೀವಿಬ್ಬರೂ ಇಲ್ಲಿ ಸಹಿ ಮಾಡಿ. ಭಿನ್ನಾಭಿಪ್ರಾಯ ಇದ್ದರೆ ಕೆಳಗೆ ಬರೆಯಬಹುದು."

ಸಂಜೆ ಹೊಸ್ತಿಲಲ್ಲೇ ಹೆಂಡತಿ ತಡೆದಳು. ಬಾಯಲ್ಲಿ ಗುಂಡುಸೂಜಿ, ಕೊರಳಲ್ಲಿ ಅಳತೆ ಟೇಪು. "ಏನಾಯ್ತು ರೀ? ಪಾಸಾದ್ರಾ?"

"ನಾನು ಪಾಸು ಕಣೇ," ಎಂದ ಮೆಲ್ಲಗಣ್ಣ, ಚಪ್ಪಲಿ ಬಿಡುತ್ತ. "ಅವರಿಬ್ಬರು ಇನ್ನೂ ಬರೀತಾ ಕೂತಿದಾರೆ."