ದಾನಪ್ಪನ ರಿವರ್ಸ್ ಗೇರು

ಲಂಡನ್ನಿನ ಫೆಲ್ಥಮ್‌ನಿಂದ ಎಜ್‌ವೇರ್‌ವರೆಗೆ ಕನ್ನಡದವರ ಮನೆಗಳಲ್ಲೆಲ್ಲ ಆಗ ಒಂದು ಕಥೆ ಓಡಾಡುತ್ತಿತ್ತು: ಬಿಜಾಪುರದ ದಾನಪ್ಪ ಕಾರನ್ನು ಹಿಂದಕ್ಕೆ ತೆಗೆಯುವ ಗಂಡಲ್ಲ. ಹದಿಮೂರು ವರ್ಷ ಒಂದೇ ಫೋರ್ಡ್ ಗ್ರನಾಡ ಓಡಿಸಿದ್ದ. ಅದರ ರಿವರ್ಸ್ ಗೇರಿಗೆ ಅವನ ಕೈ ಹೋದದ್ದನ್ನು ಕಂಡವರಿಲ್ಲ. ಯುಗಾದಿ ಊಟಕ್ಕೆ ಬಂದರೆ, ನೇರ ಮುಂದೆ ಹೊರಡಲು ಅನುಕೂಲವಾಗುವಂತೆ ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಹೋಳಿಗೆ ಡಬ್ಬಿ ಹೊತ್ತು ನಡೆದು ಬರುತ್ತಿದ್ದ. ತಿರುವು ತಪ್ಪಿತೋ, ಮುಂದಿನ ರೌಂಡಬೌಟ್ ಸಿಗುವ ತನಕ ಪ್ರಯಾಣ. ಒಮ್ಮೆ ಹೌನ್ಸ್ಲೋದ ಮದುವೆಗೆಂದು ಹೊರಟವನು ಲಂಡನ್ನಿನ ಗಡಿ ದಾಟಿ, ಮುಹೂರ್ತ ಮುಗಿದ ಮೇಲೆ ಬಂದಿದ್ದ.

ಈ ಕಥೆಗೆ ರೆಕ್ಕೆಪುಕ್ಕ ಕಟ್ಟಿದವನು ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಮೈಸೂರಿನ ಚಂದ್ರಶೇಖರ್. "ದಾನಪ್ಪನವರದು ಯುದ್ಧದಲ್ಲಿ ಬೆನ್ನು ತೋರಿಸದ ವಂಶ ಕಣ್ರೀ. ಅವರ ತಾತ ಕುದುರೇನೂ ಹಿಂದಕ್ಕೆ ಎಳೆದೋರಲ್ಲ," ಎಂದು ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದ. ತಾತನಿಗೆ ಕುದುರೆ ಇತ್ತೋ ಕತ್ತೆ ಇತ್ತೋ ಅವನಿಗೇ ಗೊತ್ತಿರಲಿಲ್ಲ. ಹೀಥ್ರೋ ವಿಮಾನನಿಲ್ದಾಣದಲ್ಲಿ ಸಾಮಾನು ಬಂಡಿಗಳ ಸಾಲು ಎಳೆಯುವ ಟ್ರ್ಯಾಕ್ಟರ್ ನಡೆಸಿ ದಣಿದು ಬಂದ ದಾನಪ್ಪ ಎಲ್ಲರ ಜೊತೆ ತಾನೂ ನಗುತ್ತಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಗ್ರನಾಡ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆಯಲ್ಲಿ ಫೇಲಾಯಿತು. ಗುಜರಿಗೆ ಹಾಕುವ ಮುಂಚೆ ಮಗಳು ಅಂಕಿತಾ ಅದನ್ನು ಕೇಳಿದಳು. ಇಪ್ಪತ್ತೆರಡರ ಹುಡುಗಿ, ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಭಾನುವಾರ ಸಂಜೆಯ ಸ್ಟಾಕ್ ಕಾರ್ ಪಂದ್ಯಕ್ಕೆ ಇಳಿಯಬೇಕಂತೆ. ಪಂದ್ಯವೆಂದರೆ ಓಟ ಎಂದುಕೊಂಡ ದಾನಪ್ಪ ಹೂಂ ಅಂದ. ಅವನ ಹೆಂಡತಿ ರತ್ನಾಬಾಯಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟಳು. "ಕಿಟಕಿ ಗಾಜ ಯಾಕ ತಗದೀಯ?" ಎಂದು ಅವಳು ಮಗಳನ್ನು ಕೇಳಿದಾಗಲೇ ದಾನಪ್ಪನಿಗೆ ಅನುಮಾನ ಬರಬೇಕಿತ್ತು.

ಸ್ಟೇಡಿಯಮ್ಮಿನಲ್ಲಿ ಮೊದಲ ಐದು ನಿಮಿಷಕ್ಕೇ ತಿಳಿಯಿತು. ಅಲ್ಲಿ ಡಿಕ್ಕಿ ಹೊಡೆಯುವುದು ಅಪಘಾತವಲ್ಲ, ಅದೇ ಕಸುಬು. ಸಂಜೆಯ ಬಿಸಿಲು, ಸುಟ್ಟ ರಬ್ಬರಿನ ವಾಸನೆ, ಬೇಲಿಯ ಪಕ್ಕದ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ. ಜೊತೆಗೆ ಬಂದಿದ್ದ ಚಂದ್ರಶೇಖರ್ ವಿನಿಗರ್ ಸುರಿದ ಬಿಸಿ ಆಲೂ ಚಿಪ್ಸ್ ಮೆಲ್ಲುತ್ತ, ಒಂದೊಂದು ಬಾಗಿಲು ಕಳಚಿ ಬಿದ್ದಾಗಲೂ ಶಿಳ್ಳೆ ಹಾಕಿದ. ಕೊನೆಗೆ ಹೆಂಗಸರ ಸರದಿ ಬಂತು. ಎಂಟು ಕಾರು, ಯಾರು ಯಾರಿಗಾದರೂ ಗುದ್ದಬಹುದು. ಕಡೆಯವರೆಗೆ ಅಲುಗಾಡಿದ ಕಾರು ಗೆದ್ದಂತೆ.

"ಆಕೀನ ಹೊರಗ ಕರೀರಿ," ಎಂದ ದಾನಪ್ಪ.

"ಇನ್ನೇನ್ ಕರೀತೀರಿ, ಬಾವುಟ ಬಿತ್ತು," ಎಂದು ರತ್ನಾಬಾಯಿ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯತೊಡಗಿದಳು.

ಗ್ರನಾಡ ಅವರ ಮುಂದೆಯೇ ಹಾದು ಎಡಗಡೆಯ ತಿರುವಿಗೆ ಹೋಯಿತು. ಇಡೀ ಬೆಂಚು ಆ ಕಡೆ ತಿರುಗಿತು. ದಾನಪ್ಪನ ಮುಖ ಮಾತ್ರ ನೆಟ್ಟಗೆ ಮುಂದಿನ ಖಾಲಿ ಟ್ರ್ಯಾಕಿನ ಕಡೆಗೇ ಇತ್ತು.

"ಎಲ್ಲಿ ಅದಾಳ್ರೀ ಈಗ?"

"ಆಹಾ, ರಣಚಂಡಿಯ ಹಾಗೆ ಶತ್ರುಸೇನೆಯ ಮಧ್ಯಕ್ಕೆ ನುಗ್ಗಿ..."

"ಸಾಹೇಬ್ರ, ಸುಮ್ಮ ಇದ್ದದ್ದ ಹೇಳ್ರಿ. ನನಗ ಕಾಣವಲ್ದು."

ಭಯಕ್ಕೆ ನೋಡುತ್ತಿಲ್ಲ ಎಂದುಕೊಂಡ ಚಂದ್ರಶೇಖರ್. ಆದರೆ ಆ ದನಿ ಅವನ ನಾಲಿಗೆಯನ್ನು ಹಿಡಿದು ನಿಲ್ಲಿಸಿತು. ಇದ್ದದ್ದನ್ನು ಇದ್ದಂತೆ ಹೇಳುವ ಅಭ್ಯಾಸ ಅವನಿಗೆ ತಪ್ಪಿಹೋಗಿ ಬಹಳ ಕಾಲವಾಗಿತ್ತು. ಒಂದೊಂದು ಮಾತನ್ನೂ ಹುಡುಕಿ ಆಡಬೇಕಾಯಿತು.

"ಮೂಲೇಲಿದ್ದಾಳೆ. ಕೆಂಪು ಕಾರು ಗುದ್ದಿತು. ಗಾಡಿ ನಿಂತಿದೆ."

"ಕೈ ಆಡಸ್ತಾಳೇನು?"

"ಎರಡೂ ಕೈ ಸ್ಟೇರಿಂಗ್ ಮೇಲಿವೆ. ತಲೆ ಎತ್ತಿದಳು. ಏನೂ ಆಗಿಲ್ಲ ದಾನಪ್ಪನವರೇ, ಸುಳ್ಳು ಹೇಳ್ತಿಲ್ಲ."

"ಈಗ?"

"ಹಿಂದಕ್ಕೆ ಬರ್ತಿದ್ದಾಳೆ."

"ಹಿಂದಕ್ಕ?"

ಹಿಂದಕ್ಕೇ. ಹದಿಮೂರು ವರ್ಷ ಬಳಸದೆ ಬಿಟ್ಟ ಆ ಗೇರು ಗದೆಯಂತೆ ಕೈಗೆ ಬಂದಿತ್ತು. ಇಂಜಿನ್ನನ್ನು ಕಾಪಾಡಿಕೊಂಡು, ಬೆನ್ನನ್ನೇ ಆಯುಧ ಮಾಡಿಕೊಂಡ ಗ್ರನಾಡ ದಾನಪ್ಪನ ಕಣ್ಣಳತೆಯೊಳಕ್ಕೆ ನುಗ್ಗಿ ಬಂದು, ಕೆಂಪು ಕಾರಿನ ಮೂತಿ ಜಜ್ಜಿ, ಹಿಂದೆಯೇ ನೀಲಿಯದನ್ನೂ ಗೋಡೆಗೆ ಒತ್ತಿತು. ದಾನಪ್ಪ ಎದ್ದು ನಿಂತ. ಕೊನೆಗೆ ಉಳಿದದ್ದು ಎರಡೇ ಕಾರು. ಗ್ರನಾಡದ ಹಿಂದಿನ ಗಾಲಿ ಕಳಚಿಕೊಂಡಿತು, ಎರಡನೆಯ ಬಹುಮಾನ.

ಚಹಾ ಲೋಟದಷ್ಟಿದ್ದ ಕಪ್ ಹಿಡಿದು, ಮುಖವೆಲ್ಲ ಮಸಿಯಾಗಿ ಅಂಕಿತಾ ಬಂದಳು. "ಡ್ಯಾಡ್, ದಟ್ ರಿವರ್ಸ್ ಗೇರ್ ಇಸ್ ಲೈಕ್ ನ್ಯೂ."

ದಾನಪ್ಪ ಅವಳ ಭುಜ ಹಿಡಿದು, ತನ್ನ ಎದುರಿಗೆ ಸರಿಯಾಗಿ ನಿಲ್ಲಿಸಿಕೊಂಡು, ತಲೆಯಿಂದ ಕಾಲಿನವರೆಗೆ ನೋಡಿದ.

ಚಂದ್ರಶೇಖರ್‌ಗೆ ಹಳೆಯ ಚಟ ತಡೆಯಲಾಗಲಿಲ್ಲ. "ಇವತ್ತಾದ್ರೂ ಹೇಳ್ಬಿಡಿ ದಾನಪ್ಪನವರೇ. ಆ ಗೇರನ್ನ ಮಗಳಿಗೇ ಅಂತ ಕಾದಿಟ್ಟಿದ್ರಾ? ಅಥವಾ ಏನಾದ್ರೂ ವ್ರತವಾ?"

ದಾನಪ್ಪ ಅವನ ಕಡೆ ತಿರುಗಿದ. ಬೀರುವನ್ನು ಜರುಗಿಸಿದ ಹಾಗೆ ಕಾಲು, ಸೊಂಟ, ಎದೆ, ಮುಖ ಎಲ್ಲ ಒಟ್ಟಿಗೆ ತಿರುಗಿದವು. ಇಷ್ಟು ವರ್ಷ ಇದು ಹೇಗೆ ಕಾಣಲಿಲ್ಲ ಎಂದು ಚಂದ್ರಶೇಖರ್‌ಗೆ ಆಗ ಅನ್ನಿಸಿತು.

"ಎಂಥಾ ವ್ರತಾರೀ. ಎಂಬತ್ನಾಲ್ಕರಾಗ ಯಾರದೋ ಭಾರೀ ಪೆಟ್ಟಿಗಿ ಎತ್ತಾಕ ಹೋದೆ, ಕುತಗಿ ಹಿಡ್ಕೊಂಡ್ತು. ಅವತ್ತಿಂದ ಆ ಕಡಿ ಈ ಕಡಿ ಹೊಳ್ಳೂದಿಲ್ಲ."

"ದಿನಾ ಎಣ್ಣಿ ತಿಕ್ಕಾಕಿ ನಾನು," ಎಂದಳು ರತ್ನಾಬಾಯಿ.

ಚಂದ್ರಶೇಖರ್ ಕೈಯಲ್ಲಿದ್ದ ಚಿಪ್ಸ್ ತಣ್ಣಗಾಗಿತ್ತು. ಎಷ್ಟು ಯುಗಾದಿ, ಎಷ್ಟು ನಾಮಕರಣ, ತಾತನ ಆ ಕುದುರೆಯನ್ನು ಎಷ್ಟು ಸಲ ಓಡಿಸಿದ್ದನೋ.

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳಲಿಲ್ರೀ."