ಎರಡು ಬಾಟಲಿ ನೀರಿನ ಕಸರತ್ತು

ಶಹಾಬಾದಿನ ಹಾಸುಗಲ್ಲು ಹೊತ್ತು, ಹಾಸಿ ಮೂವತ್ತು ವರ್ಷ ಕಳೆದವನು ನಾನು. ಐದನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದರೂ ನನ್ನ ಕಾಲಿನ ಬಲದ ಬಗ್ಗೆ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಿಲ್ಲ ಎಂದುಕೊಂಡಿದ್ದೆ. ಹಾಗಾಗಿ ವಾಡಿಯ ಡಾಕ್ಟರು ನನ್ನ ನೋಯುವ ಮೊಣಕಾಲು ಒತ್ತಿ ನೋಡಿ, "ಚಿಪ್ಪು ಚಲೋ ಅದ. ತೊಡ್ಯಾಗ ಬಲ ಇಲ್ಲ," ಎಂದಾಗ ಸಿಟ್ಟು ಬಂತು. ಗುಳಿಗೆಯ ಬದಲು ಚೀಟಿಯಲ್ಲಿ 'ಲಂಜ್' ಎಂಬ ಕಸರತ್ತು ಬರೆದುಕೊಟ್ಟರು.

ಸಿಟ್ಟಿನ ಒಳಗೆ ಹೆದರಿಕೆಯೂ ಇತ್ತು. ಕಲ್ಲು ಹಾಸುವುದೆಂದರೆ ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಏಳುವುದು. ಇತ್ತೀಚೆಗೆ ನಾನು ಕೂತರೆ ಜೊತೆಗೆ ಕಲ್ಲು ಹಾಸುವ ಜೋಡಿ ಮಿಸ್ತ್ರಿ ಬಂದು ಕೈ ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಒಂದು ದಿನ ಅವನು ಹೇಳಿಯೇ ಬಿಟ್ಟ: "ದಸರಾ ಆದ ಮ್ಯಾಲ ಚಿತ್ತಾಪುರದಾಗ ಮನಿ ಕೆಲಸ ಅದ. ಕೂತು ಏಳ್ಲಿಕ್ಕೆ ಆಗ್ಲಿಲ್ಲಂದ್ರ ನೀ ನಿಂತು ಮಾಲು ಕಲಸು. ಕಲ್ಲು ನಾ ಹಾಸ್ತೀನಿ."

ಸಿಮೆಂಟು, ಉಸುಕು ಸೇರಿಸಿ ಮಾಲು ಕಲಸುವುದು! ಅದನ್ನು ಬಿಟ್ಟು ಮೇಲೆ ಬರಲು ನನಗೆ ಆರು ವರ್ಷ ಹಿಡಿದಿತ್ತು.

ನನ್ನ ಮಗಳು ಪೊಲೀಸ್ ಭರ್ತಿಗೆಂದು ದಿನಾ ಓಡುತ್ತಾಳೆ. ಲಂಜ್ ಅವಳಿಗೆ ಗೊತ್ತು. ಅಂಗಳದಲ್ಲಿ ಒಂದು ಕಾಲು ಮುಂದಿಟ್ಟು, ಎರಡೂ ಮೊಣಕಾಲು ಮಡಚಿ ಕೆಳಗಿಳಿದು, ಎದ್ದು ತೋರಿಸಿದಳು. ಇಷ್ಟೇ ಏನು ಎಂದು ನಾನು ಎರಡೂ ಕೈಗೆ ಒಂದೊಂದು ಕಲ್ಲಿನ ತುಂಡು ತೆಗೆದುಕೊಂಡೆ. ಕಾಲು ಮುಂದಿಟ್ಟೆ, ಇಳಿದೆ, ಎಡಕ್ಕೆ ವಾಲಿ ತೊಳೆದಿಟ್ಟ ಪಾತ್ರೆ-ಭಾಂಡೆಗಳ ಮೇಲೆ ಬಿದ್ದೆ.

"ಅಪ್ಪಾ, ಕಾಲು ಎಲ್ಲಿ ಇಡ್ಲಿಕತ್ತಿ ನೋಡು."

ನೋಡಿದೆ. ಎರಡೂ ಹೆಜ್ಜೆ ಒಂದೇ ಗೆರೆಯಲ್ಲಿದ್ದವು. ಹೊಸದಾಗಿ ಹಾಸಿದ ಕಲ್ಲು ಅಲುಗಬಾರದೆಂದು ನಾವು ಒಂದು ಹಲಗೆ ಹಾಕಿ, ಅದರ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ನಡೆಯುತ್ತೇವೆ. ಮೂವತ್ತು ವರ್ಷದ ಆ ಜಾಣತನವೇ ನನ್ನನ್ನು ಭಾಂಡೆಗಳ ನಡುವೆ ಮಲಗಿಸಿತ್ತು.

"ರೈಲಿನ ಹಳಿ ಎರಡು ಇರ್ತಾವಿಲ್ಲೋ? ಒಂದು ಕಾಲು ಒಂದರ ಮ್ಯಾಲ, ಇನ್ನೊಂದು ಇನ್ನೊಂದರ ಮ್ಯಾಲ. ಅಷ್ಟು ಅಗಲ ಬ್ಯಾಡ, ನಡುವ ಒಂದು ಗೇಣು ಸಾಕು. ಆ ಕಲ್ಲು ಕೆಳಗಿಡು ಮೊದಲ. ಖಾಲಿ ಕೈಲೆ ಹತ್ತು ಮಾಡು."

ಗೋಡೆಯ ನೇರ ನೋಡುವ ನನ್ನದೇ ದಾರದ ಗುಂಡನ್ನು ತಂದು ಮುಂದಿನ ಮೊಣಕಾಲಿಗೆ ಹಿಡಿದಳು. ಗುಂಡು ಪಾದದ ಮೇಲೆ ಇಳಿಯಬೇಕಂತೆ. ನನ್ನದು ಬೆರಳು ದಾಟಿ ಹೊರಗೆ ತೂಗಾಡಿತು. ಊರವರ ಗೋಡೆಗಳಿಗೆಲ್ಲ ಸೊಟ್ಟ ಎಂದು ಹೆಸರಿಟ್ಟವನು ನಾನೇ. ಹೆಜ್ಜೆ ಉದ್ದ ಮಾಡಿದೆ. ಎದೆ ನೆಟ್ಟಗೆ ಇಟ್ಟು ಹಿಂದಿನ ಮೊಣಕಾಲನ್ನು ನೇರ ಕೆಳಗಿಳಿಸಿ, ನೆಲ ಮುಟ್ಟುವ ಮೊದಲೇ ತಡೆದು, ಮುಂದಿನ ಹಿಮ್ಮಡಿ ಒತ್ತಿ ಎದ್ದೆ. ಆರನೆಯದಕ್ಕೆ ತೊಡೆ ಗಡಗಡ ನಡುಗಿತು. ಡಾಕ್ಟರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಮೂರು ವಾರದ ಮೇಲೆ ಮಗಳು ಭಾರ ಕೊಟ್ಟಳು: ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ. ಅವನ್ನು ಹಿಡಿದು ಮನೆ ಮುಂದಿನ ಹಾದಿಯಲ್ಲಿ ಲಂಜ್ ಮಾಡುತ್ತ ಹೊರಟಾಗ ಎದುರು ಮನೆಯ ಆಯಿ ಕಟ್ಟೆಯ ಮೇಲಿಂದ ಕೂಗಿದಳು: "ಯಾಕೋ ತಮ್ಮಾ, ಎರಡೆರಡು ಬಾಟಲಿ ಹಿಡಕೊಂಡು ಬಯಲಕಡಿ ಹೊಂಟಿಯೇನು? ಹೊಟ್ಟಿ ಭಾಳ ಕೆಟ್ಟದೇನು?"

"ಕಸರತ್ತು, ಆಯಿ."

"ಕಸರತ್ತು ಆಮ್ಯಾಲ ಮಾಡು, ಮೊದಲ ಲಗೂ ನಡಿ. ಹಾದ್ಯಾಗೇ ಕೂಡ್ಲಿಕತ್ತೀಯಲ್ಲ!"

ದಸರೆಯ ಹೊತ್ತಿಗೆ ಬಾಟಲಿ ಹೋಗಿ ಐದೈದು ಕಿಲೋ ಉಸುಕಿನ ಡಬ್ಬಿ ಬಂದವು. ಹಬ್ಬ ಮುಗಿದು ಚಿತ್ತಾಪುರದಲ್ಲಿ ಮೊದಲ ಕಲ್ಲು ಕೂರಿಸುತ್ತಿದ್ದಂತೆ ಜೋಡಿ ಮಿಸ್ತ್ರಿ ರೂಢಿಯಂತೆ ಕೈ ಚಾಚಿದ. ನಾನು ಕಾಣದವನಂತೆ ಕಾಲು ಮುಂದಿಟ್ಟು, ಹಿಮ್ಮಡಿ ಒತ್ತಿ ಎದ್ದೆ.

"ಒಂದು ಕಲ್ಲಿಗೇ ಯಾಕ ಎದಿ ಉಬ್ಬಸ್ತಿ? ಇನ್ನೂ ಪೂರಾ ಪಡಸಾಲಿ ಅದ," ಎಂದ.

ಸಂಜೆಯೊಳಗೆ ಎರಡು ಸಲ ಅವನ ಕೈ ಹಿಡಿದೇ ಎದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಪಡಸಾಲೆಯ ಕಲ್ಲು ನಾನೇ ಹಾಸಿದೆ. ಮಾಲು ಅವನು ಕಲಸಿದ.