ಬಣ್ಣದ ಮೇಲೆ ಬಿಗಿದ ಪಟ್ಟಿ

ನನ್ನ ಅಣ್ಣನಿಗೆ ವಿಮಾನದ ಶೆಡ್ಡಿನಲ್ಲಿ ಎಲ್ಲರೂ ಇಟ್ಟ ಹೆಸರು ಮೀಟರಣ್ಣ. ವಿಮಾನಗಳಿಗೆ ರೇಡಿಯೊ ಕೂರಿಸುವುದು, ವೈರು ಎಳೆಯುವುದು, ಅರ್ತ್ ಕೊಡುವುದು ಅವನ ಕೆಲಸ. ಮೀಟರಿನ ಮುಳ್ಳು ಹೇಳದ ಹೊರತು ದೇವರೇ ಬಂದು ಹೇಳಿದರೂ ಸಹಿ ಹಾಕುವವನಲ್ಲ. ಮನೆಯಲ್ಲೂ ಅದೇ ಚಾಳಿ. ಇಸ್ತ್ರಿಪೆಟ್ಟಿಗೆ ರಿಪೇರಿ ಆಯಿತು ಎಂದು ಅತ್ತಿಗೆ ಹೇಳಿದರೆ, "ಯಾರು ನೋಡಿದ್ರು?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದ.

ಅರ್ತ್ ಎಂದರೇನು ಎಂದು ನನಗೆ ಹೇಳಿಕೊಟ್ಟವನೂ ಅವನೇ. ಮನೆಗಾದರೆ ತಂತಿಯನ್ನು ಮಣ್ಣಿಗೆ ಇಳಿಸಬಹುದು. ಹಾರುವ ವಿಮಾನಕ್ಕೆ ಮಣ್ಣೆಲ್ಲಿಂದ ಬರಬೇಕು? ಅದರ ಲೋಹದ ಮೈಯೇ ಅದಕ್ಕೆ ನೆಲ. ರೇಡಿಯೊದಿಂದ ಬಂದ ತಾಮ್ರದ ಪಟ್ಟಿಯನ್ನು ಆ ಮೈಗೆ ಬಿಗಿಯಬೇಕು. ಅದಕ್ಕೂ ಮೊದಲು ಅಲ್ಲಿನ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಬಣ್ಣದ ಮೇಲೇ ಬಿಗಿದರೆ ಎಂಜಿನ್ನಿನ ಗದ್ದಲವೆಲ್ಲ ರೇಡಿಯೊ ಮೂಲಕ ಪೈಲಟ್ಟಿನ ಕಿವಿಗೆ. ಬಿಗಿದಾದ ಮೇಲೆ ವಾರ್ನಿಷ್ ಬಳಿದುಬಿಡುತ್ತಾರೆ. ಆಮೇಲೆ ಒಳಗೆ ಕೆರೆದಿದೆಯೋ ಇಲ್ಲವೋ, ಆ ಕೆಲಸ ಮಾಡಿದವನಿಗೇ ಗೊತ್ತು.

ನನ್ನ ಗಂಡನೂ ಅದೇ ಶೆಡ್ಡಿನವನು. ಕೆಲಸ ಕಲಿಸಿದ್ದು ಅಣ್ಣ, ತಂಗಿಯನ್ನು ಕೊಟ್ಟದ್ದೂ ಅಣ್ಣ. ಗಂಡನದು ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಭಾವ, ಭಾವ ಎಂದು ಅಣ್ಣನ ಹಿಂದೆಮುಂದೆ ಸುತ್ತುತ್ತಿದ್ದ.

ನನಗೆ ಆಪರೇಷನ್ ಆದ ದಿನ ಶೆಡ್ಡಿನಲ್ಲಿ ಒಂದು ಪುಟ್ಟ ವಿಮಾನದ ಕೆಲಸ ಬಾಕಿಯಿತ್ತಂತೆ. ಪಟ್ಟಿ ಬಿಗಿಯುವುದೊಂದೇ ಉಳಿದಿತ್ತು. "ನೀವೇ ಹೋಗಿ ಭಾವ, ನನಗೆ ಆಸ್ಪತ್ರೆ ವಾಸನೆ ಅಂದ್ರೆ ತಲೆ ಸುತ್ತುತ್ತೆ. ಪಟ್ಟಿ ನಾನು ಬಿಗೀತೀನಿ. ಸೈನ್ ಹಾಕಿಟ್ಟು ಹೋಗಿ, ಸಂಜೆ ವಿಮಾನ ಬಿಡ್ಬೇಕು" ಎಂದನಂತೆ ನನ್ನ ಗಂಡ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅಣ್ಣ ನೋಡದ ಕೆಲಸಕ್ಕೆ ಸಹಿ ಹಾಕಿದ. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಗೇಟಿನ ಪುಸ್ತಕದಲ್ಲಿ ಇನ್ನೊಂದು ಸಹಿ ಹಾಕಿ ಒಳಗೆ ಬಂದು, ಸಂಜೆಯವರೆಗೂ ನನ್ನ ಪಕ್ಕ ಕೂತು ಗ್ಲೂಕೋಸ್ ಬಾಟಲಿಯ ಹನಿಗಳನ್ನೇ ನೋಡುತ್ತಿದ್ದ. ನರ್ಸಮ್ಮ ನಕ್ಕು, "ನಾನೂ ನೋಡ್ತಿದ್ದೀನಿ ಬಿಡಿ ಸಾರ್" ಎಂದಳು.

ನಾಲ್ಕನೆಯ ದಿನ ಆ ವಿಮಾನ ಇಳಿಯುವಾಗ ರೇಡಿಯೊದಲ್ಲಿ ಬರೀ ಗೊರಗೊರ. ರನ್‌ವೇಯಲ್ಲಿ ಇನ್ನೊಂದು ವಿಮಾನ ಇದೆ ಎಂದು ಟವರಿನವರು ಕೂಗಿದ್ದು ಪೈಲಟ್ಟಿಗೆ ಕೇಳಿಸಲೇ ಇಲ್ಲ. ಕಡೇ ಗಳಿಗೆಯಲ್ಲಿ ಕಣ್ಣಿಗೆ ಬಿದ್ದು ಪಕ್ಕಕ್ಕೆ ತಿರುಗಿಸಿದ. ಚಕ್ರ ಮುರಿಯಿತು, ಅವನ ಭುಜ ಮುರಿಯಿತು, ಪುಣ್ಯಕ್ಕೆ ಜೀವ ಉಳಿಯಿತು. ಪಟ್ಟಿ ಬಿಚ್ಚಿ ನೋಡಿದರೆ ಕೆಳಗೆ ಹಸಿರು ಬಣ್ಣ ಹಾಗೇ ಇದೆ, ಒಂದು ಗೀರೂ ಇಲ್ಲ. "ಕೆರೆದೇ ಇಲ್ವಲ್ಲೋ" ಎಂದು ಅಣ್ಣ ನನ್ನ ಗಂಡನ ಮುಖ ನೋಡಿದನಂತೆ. ಆ ಮಹಾನುಭಾವ ಶೆಡ್ಡಿನ ಸೂರು ನೋಡುತ್ತಿದ್ದನಂತೆ. ಕಾಗದದಲ್ಲಿದ್ದದ್ದು ಅಣ್ಣನ ಸಹಿ. ವಿಚಾರಣೆ ಶುರುವಾಯಿತು. ಅಣ್ಣನ ಲೈಸೆನ್ಸ್ ಹೋಗುವ ಹಾಗಾಯಿತು.

ಅಷ್ಟರಲ್ಲಿ ನಾನು ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ. "ನಾಳೆ ವಿಚಾರಣೇಲಿ ನಿಜ ಹೇಳ್ಬಿಡು" ಎಂದೆ ಗಂಡನಿಗೆ.

"ಅವಸರ ಇತ್ತು ಕಣೇ, ಕೆರೆಯೋಕೆ ಟೈಮ್ ಎಲ್ಲಿತ್ತು? ಈಗ ಹೇಳಿದ್ರೆ ನನ್ನ ಗತಿ? ಭಾವ ಬಾಯಿ ಬಿಡಲ್ಲ, ಸುಮ್ನಿರು. ನೀನಂದ್ರೆ ಪ್ರಾಣ ಅವರಿಗೆ."

ಹೀಗೆಂದು ಅನ್ನ ಕಲೆಸಿಕೊಂಡು ಉಂಡ! ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮೇಲಿನ ಅಕ್ಕರೆಯನ್ನೇ ಲೆಕ್ಕ ಹಾಕಿ ಅಣ್ಣನ ಬೆನ್ನಿಗೆ ಚೂರಿ ಹಾಕಿದ್ದ. ಇಂಥವನ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಬೆಳಗ್ಗೆ ಹೊಲಿಗೆ ಇನ್ನೂ ಎಳೆಯುತ್ತಿದ್ದರೂ ಆಸ್ಪತ್ರೆಗೆ ಹೋದೆ. ಗೇಟಿನವನಿಗೆ ಕೈಮುಗಿದು, ಅವತ್ತಿನ ಹಾಳೆಯ ಜೆರಾಕ್ಸ್ ಮಾಡಿಸಿಕೊಂಡೆ. ನೇರ ವಿಚಾರಣೆಯ ಕೋಣೆಗೆ ನುಗ್ಗಿ ಅದನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ. "ಪಟ್ಟಿ ಬಿಗಿಯುವಾಗ ನಮ್ಮಣ್ಣ ಅಲ್ಲಿರಲಿಲ್ಲ ಸಾರ್. ಮೂರರಿಂದ ಸಂಜೆವರೆಗೂ ಆಸ್ಪತ್ರೇಲಿ ನನ್ನ ಹತ್ರ ಇದ್ದ. ಬಿಗಿದದ್ದು ಇವರು" ಎಂದು ಗಂಡನತ್ತ ಬೆರಳು ತೋರಿಸಿದೆ. ಗಂಡನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಧಿಕಾರಿ ಶೆಡ್ಡಿನ ಕಾಗದವನ್ನೂ ಜೆರಾಕ್ಸನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಈ ಆಸ್ಪತ್ರೆ ಸೈನ್ ನಿಮ್ದೇನ್ರೀ?"

ಅಣ್ಣ ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, "ನಂದಲ್ಲ ಸಾರ್. ನಾನು ಶೆಡ್ಡಲ್ಲೇ ಇದ್ದೆ. ಪಟ್ಟಿ ಬಿಗಿದದ್ದು ನಾನೇ" ಎಂದ.

ಪಕ್ಕದಲ್ಲಿ ನನ್ನ ಗಂಡ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅಧಿಕಾರಿ ಇನ್ನೆರಡು ಸಲ ಕೇಳಿದರು, ಅಣ್ಣ ಮಾತು ಬದಲಿಸಲಿಲ್ಲ. ಅಲ್ಲೇ ಲೈಸೆನ್ಸ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

ವರಾಂಡದಲ್ಲಿ ಅವನ ಅಂಗಿ ಹಿಡಿದು ಜಗ್ಗಿದೆ. "ಯಾಕೋ ಅಣ್ಣ? ನನ್ನನ್ನೂ ಸುಳ್ಳಿ ಮಾಡಿಬಿಟ್ಯಲ್ಲೋ!"

"ನಿನ್ನ ಮನೆ ಉಳೀಲಿ ಅಂತ ಕಣಮ್ಮ."

"ನಾನು ಕೇಳಿದ್ನಾ?"

ಈಗ ಅವನು ಪೇಟೆಯ ಅಂಗಡಿಯೊಂದರಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾನೆ, ಅದನ್ನೂ ಮೀಟರ್ ಇಟ್ಟು ನೋಡಿಯೇ ಕೊಡುತ್ತಾನೆ. ಅವನು ಉಳಿಸಿಕೊಟ್ಟ ಆ ಮನೆಗೆ ನಾನು ಅವತ್ತಿನಿಂದ ಕಾಲಿಟ್ಟಿಲ್ಲ.